ಮನೆಯಲ್ಲಿ ಕರೆಯುವ ಹೆಸರು

ನಮ್ಮ ಭಾಗದ ಮನೆಗಳಲ್ಲಿ ಒಂದು ರೂಢಿ ಇದೆ. ಐದು ವರ್ಷದ ಮಗನನ್ನು ತಂದೆ "ಯಪ್ಪಾ, ಬಾರಪಾ ಇಲ್ಲಿ" ಎಂದು ಕರೆಯುತ್ತಾನೆ. ಊಟಕ್ಕೆ ಹಟ ಮಾಡುವ ಮಗಳಿಗೆ ತಾಯಿ "ಯವ್ವಾ, ಒಂದ ತುತ್ತ ಉಣ್ಣವಾ" ಎನ್ನುತ್ತಾಳೆ. ಬೆಂಗಳೂರು ಕಡೆಯಿಂದ ಬಂದ ಸಹೋದ್ಯೋಗಿಯೊಬ್ಬರಿಗೆ ಇದು ತಮಾಷೆಯಾಗಿ ಕಂಡಿತ್ತು. "ಮಗನಿಗೇ ಅಪ್ಪಾ ಅಂತೀರಲ್ಲ, ಹಾಗಾದರೆ ಅಪ್ಪನಿಗೆ ಏನಂತೀರಿ?" ಎಂದು ಕೇಳಿದ್ದರು. ನಮಗೆ ಅದರಲ್ಲಿ ತಮಾಷೆ ಏನೂ ಇಲ್ಲ. ದಖನಿ ಮಾತನಾಡುವ ಮನೆಗಳಲ್ಲೂ ಹೀಗೆಯೇ ನಡೆಯುತ್ತದೆ. ಮಗನಾಗಲಿ ಮಗಳಾಗಲಿ ಇಬ್ಬರಿಗೂ "ಬೇಟಾ". ಮುನಿಸಿಕೊಂಡ ಮಗಳನ್ನು ರಮಿಸುವಾಗ "ಮೇರಿ ಅಮ್ಮಾ". ಇನ್ನೂ ಚಡ್ಡಿ ಹಾಕಿಕೊಳ್ಳಲು ಬಾರದ ಮಗುವಿಗೆ ಹಿರಿಯರ ಸ್ಥಾನ ಕೊಟ್ಟು ಕರೆಯುವ ಭಾಷೆ ನಮ್ಮದು.

ಅದೇ ಬಾಯಿಂದ ಬೇರೆ ಮಾತುಗಳೂ ಬರುತ್ತವೆ. ದಡ್ಡ, ಮಬ್ಬ, ಖೋಡಿ, ದಂಡಪಿಂಡ. ದಖನಿಯಲ್ಲಿ ನಾಲಾಯಕ್, ನಿಕಮ್ಮಾ, ಕಾಮಚೋರ್, ಮನಹೂಸ್. "ನೀ ಹುಟ್ಟಿದ್ದ ದಂಡ" ಎಂಬ ಮಾತನ್ನು ಕೇಳದೆ ಬೆಳೆದವರು ನಮ್ಮ ತರಗತಿಗಳಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ಎಂದರೆ ಬಹಳ ಕೈಗಳು ಏಳಲಿಕ್ಕಿಲ್ಲ. ಇವನ್ನು ಬೈಗುಳ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಾತಿನ ನಡುವೆ ಬಂದು ಹೋಗುತ್ತವೆ. ಬಂದು ಹೋಗುತ್ತವೆ ಎಂದು ಹೇಳುವವರು ದೊಡ್ಡವರು. ಮಗುವಿನ ಹತ್ತಿರ ಅವು ಎಷ್ಟು ದಿನ ಉಳಿಯುತ್ತವೆ ಎಂಬುದು ನಮ್ಮಂಥ ಉಪನ್ಯಾಸಕರಿಗೆ ಜೂನ್ ತಿಂಗಳಲ್ಲಿ ಚೆನ್ನಾಗಿ ಕಾಣುತ್ತದೆ.

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಪ್ರವೇಶದ ದಿನಗಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ತಾಲೂಕುಗಳಿಂದ ಪಾಲಕರು ಬೆಳಗಿನ ಬಸ್ಸಿಗೇ ಬಂದಿರುತ್ತಾರೆ. ಅಂಕಪಟ್ಟಿ, ಟಿಸಿ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಎಲ್ಲವೂ ಒಂದು ಪ್ಲಾಸ್ಟಿಕ್ ಚೀಲದಲ್ಲಿ. ನಾನು ಮೇಜಿನ ಈಚೆ ಕುಳಿತು ಅರ್ಜಿ ನೋಡುತ್ತೇನೆ. "ಯಾವ ವಿಭಾಗ ಬೇಕು?" ಎಂದು ವಿದ್ಯಾರ್ಥಿಯನ್ನು ಕೇಳಿದರೆ ಉತ್ತರ ಪಾಲಕರಿಂದ ಬರುತ್ತದೆ. "ಇವ ಸ್ವಲ್ಪ ಮಬ್ಬ ಅದಾನ್ರಿ ಮೇಡಂ. ಆರ್ಟ್ಸಿನ್ಯಾಗ ಹಾಕ್ರಿ, ಸಾಕು." ಸಮಾಜಶಾಸ್ತ್ರ ಪಾಠ ಮಾಡುವವಳಾಗಿ ಈ ಮಾತು ನನಗೂ ಒಂದಿಷ್ಟು ತಾಗುತ್ತದೆ, ಅದು ಬೇರೆ ವಿಷಯ. ಆ ತಂದೆ ಕೆಟ್ಟವರಲ್ಲ. ಮಗನ ಸಲುವಾಗಿ ಒಂದು ದಿನದ ಕೂಲಿ ಬಿಟ್ಟು ಬಂದಿದ್ದಾರೆ. ಮಗನಿಗೆ ಕಷ್ಟವಾಗಬಾರದು ಎಂಬ ಕಾಳಜಿಯಿಂದಲೇ ಹಾಗೆ ಹೇಳುತ್ತಾರೆ. ಆದರೆ ಹುಡುಗ ಆಗ ಎತ್ತ ನೋಡುತ್ತಾನೆ ಎಂಬುದನ್ನು ನಾನು ಗಮನಿಸುತ್ತೇನೆ. ಅವನು ಸಿಟ್ಟು ಮಾಡುವುದಿಲ್ಲ, ನಾಚುವುದೂ ಇಲ್ಲ. ತನ್ನ ಹೆಸರು, ತಂದೆಯ ಹೆಸರು, ಊರಿನ ಹೆಸರು ಹೇಳಿದಾಗ ಕೇಳಿಸಿಕೊಂಡ ಹಾಗೆಯೇ ಇದನ್ನೂ ಕೇಳಿಸಿಕೊಳ್ಳುತ್ತಾನೆ. ಅರ್ಜಿಯಲ್ಲಿ ತುಂಬಬೇಕಾದ ಇನ್ನೊಂದು ಮಾಹಿತಿ ಎನ್ನುವ ಹಾಗೆ.

ಮುಂದೆ ಅದೇ ಹುಡುಗ ತರಗತಿಗೆ ಬರುತ್ತಾನೆ. ಪ್ರಶ್ನೆ ಕೇಳಲು ಅವನ ಕಡೆ ತಿರುಗಿದರೆ ಸಾಕು, ಪ್ರಶ್ನೆ ಪೂರ್ತಿಯಾಗುವ ಮೊದಲೇ "ಬರಂಗಿಲ್ರಿ ಮೇಡಂ" ಎನ್ನುತ್ತಾನೆ. ಇದನ್ನು ನಾನು ಎಷ್ಟೋ ಮಕ್ಕಳಲ್ಲಿ ನೋಡಿದ್ದೇನೆ. ಉತ್ತರ ಗೊತ್ತಿಲ್ಲ ಎಂದು ಹಾಗೆ ಹೇಳುವುದಿಲ್ಲ, ಪ್ರಶ್ನೆಯೇ ಇನ್ನೂ ಗೊತ್ತಿಲ್ಲವಲ್ಲ! ತಾನು ಯಾರು ಎಂಬುದನ್ನು ಹೇಳುತ್ತಿರುತ್ತಾನೆ.

ದ್ವಿತೀಯ ವರ್ಷದ ಮಕ್ಕಳಿಗೆ ಚಾರ್ಲ್ಸ್ ಕೂಲಿ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞನ ಬಗ್ಗೆ ಹೇಳುವಾಗ ನನಗೆ ಈ ಪ್ರವೇಶದ ಮೇಜು ನೆನಪಾಗುತ್ತದೆ. 1902ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಆತ ಕನ್ನಡಿಯ ಹೋಲಿಕೆ ಕೊಟ್ಟ. ನಾನು ಹೇಗಿದ್ದೇನೆ ಎಂಬುದು ನನಗೆ ನೇರವಾಗಿ ಕಾಣುವುದಿಲ್ಲ, ಬೇರೆಯವರು ನನ್ನನ್ನು ಹೇಗೆ ನೋಡುತ್ತಾರೆ ಎಂದು ನಾನು ತಿಳಿಯುತ್ತೇನೋ ಅದರಿಂದ ನನ್ನ ಬಗ್ಗೆ ನನಗೊಂದು ಕಲ್ಪನೆ ಬೆಳೆಯುತ್ತದೆ ಎಂದು ಅವನ ವಿಚಾರ. ಪರೀಕ್ಷೆಗೆ ಇದನ್ನು ಬರೆದರೆ ಅಂಕ ಸಿಗುತ್ತದೆ. ಮಗುವಿಗೆ ಮೊದಲ ಕನ್ನಡಿ ತಾಯಿ, ತಂದೆ, ಅಜ್ಜಿ. ಆ ಕನ್ನಡಿಯನ್ನು ಬದಲಾಯಿಸುವ ಅಧಿಕಾರ ಅದಕ್ಕಿಲ್ಲ.

ಈ ವಿಷಯದಲ್ಲಿ ಒಂದು ಕಹಿಯಾದ ಪ್ರಯೋಗ ನಡೆದಿದೆ. 1939ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡೇವನ್‌ಪೋರ್ಟ್ ಎಂಬ ಊರಿನ ಅನಾಥಾಶ್ರಮದಲ್ಲಿ. ವೆಂಡೆಲ್ ಜಾನ್ಸನ್ ಎಂಬ ವಿಜ್ಞಾನಿಯ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ 22 ಮಕ್ಕಳನ್ನು ಆರಿಸಿಕೊಂಡಳು. ಅವರಲ್ಲಿ ಸರಿಯಾಗಿ ಮಾತನಾಡುತ್ತಿದ್ದ ಆರು ಮಕ್ಕಳ ಒಂದು ಗುಂಪು ಮಾಡಲಾಯಿತು. ಆ ಆರು ಮಕ್ಕಳಿಗೆ ನಿಮ್ಮ ಮಾತು ತೊದಲುತ್ತಿದೆ, ಸರಿಯಾಗಿ ಹೇಳಲು ಬರುವವರೆಗೆ ಮಾತನಾಡಬೇಡಿ ಎಂದು ಹೇಳಲಾಯಿತು. ನೋಡಿಕೊಳ್ಳುವ ಸಿಬ್ಬಂದಿಗೂ ಅದನ್ನೇ ಹೇಳಲಾಯಿತು. ಕೆಲವು ತಿಂಗಳು ಹೀಗೆ ನಡೆಯಿತು. ಮಕ್ಕಳಿಗೆ ನಿಜವಾದ ತೊದಲು ರೋಗವೇನೂ ಬರಲಿಲ್ಲ ಎಂದು ನಂತರ ಆ ದಾಖಲೆಗಳನ್ನು ಪರಿಶೀಲಿಸಿದವರು ಹೇಳಿದ್ದಾರೆ. ಆದರೆ ಆ ಮಕ್ಕಳು ಮಾತನಾಡಲು ಹಿಂಜರಿಯತೊಡಗಿದರು, ಬಾಯಿಗೆ ಕೈ ಅಡ್ಡ ಹಿಡಿದರು, ಚಿಕ್ಕ ಚಿಕ್ಕ ಉತ್ತರ ಕೊಟ್ಟು ಸುಮ್ಮನಾದರು. ಈ ಕೆಲಸವನ್ನು ಯಾವ ಪತ್ರಿಕೆಯಲ್ಲೂ ಪ್ರಕಟಿಸದೆ ಪ್ರಬಂಧವಾಗಿ ಗ್ರಂಥಾಲಯದಲ್ಲಿ ಇಡಲಾಗಿತ್ತು. 2001ರಲ್ಲಿ ಒಂದು ದಿನಪತ್ರಿಕೆ ಅದನ್ನು ಬಯಲಿಗೆ ತಂದಾಗ ವಿಶ್ವವಿದ್ಯಾಲಯ ಕ್ಷಮೆ ಕೇಳಿತು. ಆ ಹೊತ್ತಿಗೆ ಆ ಮಕ್ಕಳು ಮುದುಕರಾಗಿದ್ದರು.

ಓದಿದವರೆಲ್ಲ ಅದನ್ನು ಕ್ರೌರ್ಯ ಎಂದರು. ಕ್ರೌರ್ಯವೇ. ಆದರೆ ಪ್ರಯೋಗಕ್ಕಾಗಿ ಕೆಲವು ತಿಂಗಳು ಹೇಳಿದ ಮಾತನ್ನು ಪ್ರೀತಿಸುವವರು ಹದಿನೈದು ವರ್ಷ ಹೇಳಿದರೆ ಅದಕ್ಕೆ ನಾವು ಯಾವ ಹೆಸರೂ ಇಟ್ಟಿಲ್ಲ.

ಹೆಸರು ಎಂದಾಗ ಇನ್ನೊಂದು ನೆನಪಾಗುತ್ತದೆ. ನಮ್ಮ ನೆರೆಯ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಮೇಲಿಂದ ಮೇಲೆ ಹೆಣ್ಣು ಹುಟ್ಟಿದರೆ ಮಗುವಿಗೆ 'ನಕುಸಾ' ಎಂದು ಹೆಸರಿಡುತ್ತಿದ್ದರು. ಮರಾಠಿಯಲ್ಲಿ ಬೇಡವಾದವಳು ಎಂದು ಅರ್ಥ. ಹಾಜರಿ ಪುಸ್ತಕದಲ್ಲೂ ಅದೇ, ಪಡಿತರ ಚೀಟಿಯಲ್ಲೂ ಅದೇ. ದಿನವೂ ಶಿಕ್ಷಕರು ಹಾಜರಿ ಕರೆಯುವಾಗ ಆ ಹುಡುಗಿ ಎದ್ದುನಿಂತು ಬೇಡವಾದವಳು ಹಾಜರಿದ್ದಾಳೆ ಎಂದು ಹೇಳಬೇಕು. 2011ರ ಅಕ್ಟೋಬರ್‌ನಲ್ಲಿ ಅಲ್ಲಿನ ಜಿಲ್ಲಾ ಆಡಳಿತ ಒಂದು ಸಮಾರಂಭ ಮಾಡಿ 285 ಹುಡುಗಿಯರಿಗೆ ಹೊಸ ಹೆಸರು ಕೊಟ್ಟಿತು. ತಮಗೆ ಬೇಕಾದ ಹೆಸರನ್ನು ಅವರೇ ಆರಿಸಿಕೊಂಡರು. ಸಿನಿಮಾ ನಟಿಯರ ಹೆಸರು ಆರಿಸಿಕೊಂಡವರೂ ಇದ್ದರು. ಇರಲಿ, ಅದರಲ್ಲೇನು ತಪ್ಪು! ಇದು ಮಹಾರಾಷ್ಟ್ರದ ಮಾತು ಎಂದು ನಾವು ಸುಮ್ಮನಿರುವಂತಿಲ್ಲ. ಇನ್ನು ಹೆಣ್ಣು ಸಾಕು ಎಂದು 'ಸಾಕವ್ವ' ಎಂದು ಹೆಸರಿಟ್ಟದ್ದು ನಮ್ಮ ಹಳ್ಳಿಗಳಲ್ಲೂ ಉಂಟು.

ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ತಿಪ್ಪಣ್ಣ, ಕಲ್ಲಪ್ಪ ಎಂಬ ಹೆಸರುಗಳೂ ಇವೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ, ಈ ಮಗುವಿಗೆ ಯಾರ ಕಣ್ಣೂ ಬೀಳದಿರಲಿ ಎಂದು ತಿಪ್ಪೆಯ ಹೆಸರು, ಕಲ್ಲಿನ ಹೆಸರು ಇಡುತ್ತಿದ್ದರು. ಹೆಸರು ಒರಟಾದರೂ ಒಳಗಿರುವುದು ಉಳಿಸಿಕೊಳ್ಳುವ ಆಸೆ. ಅಜ್ಜಿ ಮೊಮ್ಮಗನಿಗೆ "ಏ ಮಂಗ್ಯಾ" ಎಂದು ಕರೆದರೆ ಅವನು ಓಡಿ ಬಂದು ತೊಡೆಯ ಮೇಲೆ ಕೂರುತ್ತಾನೆ. ಮಾತು ಎಲ್ಲಿಂದ ಬಂತು ಎಂದು ಮಕ್ಕಳಿಗೆ ಗೊತ್ತಾಗುತ್ತದೆ. ಆದ್ದರಿಂದ ಈ ಶಬ್ದ ಒಳ್ಳೆಯದು, ಈ ಶಬ್ದ ಕೆಟ್ಟದ್ದು ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸುವುದರಿಂದ ಏನೂ ಆಗುವುದಿಲ್ಲ.

ಪ್ರವಾದಿ ಮುಹಮ್ಮದ್(ಸ)ರು ಕೆಟ್ಟ ಅರ್ಥದ ಹೆಸರುಗಳನ್ನು ಬದಲಾಯಿಸುತ್ತಿದ್ದರು ಎಂಬುದು ಹದೀಸ್‌ಗಳಲ್ಲಿ ಬರುತ್ತದೆ. ಹಝ್ರತ್ ಉಮರ್(ರ)ರ ಒಬ್ಬ ಮಗಳ ಹೆಸರು 'ಆಸಿಯಾ' ಎಂದಿತ್ತು. ಅವಿಧೇಯಳು, ಮಾತು ಕೇಳದವಳು ಎಂದು ಅದರ ಅರ್ಥ. ಪ್ರವಾದಿ(ಸ)ರು ಅವಳಿಗೆ 'ಜಮೀಲಾ', ಅಂದರೆ ಸುಂದರಿ, ಎಂದು ಹೆಸರಿಟ್ಟರು. (ನಮ್ಮ ಕಾಲೇಜಿನ ಆಸಿಯಾಗಳು ಗಾಬರಿಯಾಗುವುದು ಬೇಡ. ನಿಮ್ಮದು ಫಿರ್‌ಔನನ ಪುಣ್ಯವತಿ ಪತ್ನಿಯ ಹೆಸರು. ಕನ್ನಡದಲ್ಲಿ ಒಂದೇ ರೀತಿ ಬರೆದರೂ ಅರಬಿಯಲ್ಲಿ ಅಕ್ಷರಗಳೇ ಬೇರೆ.) ಒಬ್ಬ ಹುಡುಗಿಯನ್ನು ದಿನವೂ "ಮಾತು ಕೇಳದವಳೇ, ಬಾ" ಎಂದು ಕರೆಯುವುದು ಅವರಿಗೆ ಸರಿ ಕಾಣಲಿಲ್ಲ. ಪರಸ್ಪರ ಅಡ್ಡಹೆಸರಿಟ್ಟು ಕರೆಯಬಾರದೆಂದು ಕುರ್‌ಆನಿನ 49ನೇ ಅಧ್ಯಾಯ ಸೂರಃ ಹುಜುರಾತ್‌ನಲ್ಲಿಯೂ ಇದೆ. ನಮ್ಮಲ್ಲಿ ಅದನ್ನು ಗೆಳೆಯರಿಗೆ ಸಂಬಂಧಿಸಿದ್ದು ಎಂದು ಓದುತ್ತಾರೆ. ಮನೆಯೊಳಗೆ ಅದನ್ನು ತರುವುದಿಲ್ಲ.

'ಉಫ್' ಎಂಬ ಮಾತೂ ಹಾಗೆಯೇ. ತಂದೆತಾಯಿಗೆ ಉಫ್ ಎನ್ನಬೇಡಿ ಎಂಬ ಆದೇಶ 17ನೇ ಅಧ್ಯಾಯದಲ್ಲಿದೆ. ಇದನ್ನು ಕೇಳದ ಮುಸ್ಲಿಂ ಮಗು ಇಲ್ಲ. ಎದುರುತ್ತರ ಕೊಟ್ಟರೆ ಸಾಕು, ಮೊದಲು ಅದನ್ನೇ ನೆನಪಿಸುತ್ತಾರೆ. ಅದು ಸರಿಯೇ, ನೆನಪಿಸಬೇಕು. ಆದರೆ ಅದೇ ಉಫ್ ಇನ್ನೊಂದು ಕಡೆ ಬರುತ್ತದೆ. ಅನಸ್(ರ) ಎಂಬ ಹುಡುಗ ಸುಮಾರು ಹತ್ತು ವರ್ಷದವನಿದ್ದಾಗ ಅವನ ತಾಯಿ ಉಮ್ಮು ಸುಲೈಮ್(ರ) ಅವನನ್ನು ಪ್ರವಾದಿ(ಸ)ರ ಸೇವೆಗೆ ತಂದು ಬಿಟ್ಟರು. ಹತ್ತು ವರ್ಷ ಅಲ್ಲಿಯೇ ಇದ್ದ. ಆ ಹತ್ತು ವರ್ಷದಲ್ಲಿ ಪ್ರವಾದಿ(ಸ)ರು ತನಗೆ ಒಮ್ಮೆಯೂ ಉಫ್ ಎನ್ನಲಿಲ್ಲ, ಯಾಕೆ ಹೀಗೆ ಮಾಡಿದೆ ಎಂದೂ ಯಾಕೆ ಮಾಡಲಿಲ್ಲ ಎಂದೂ ಕೇಳಲಿಲ್ಲ ಎಂದು ದೊಡ್ಡವನಾದ ಮೇಲೆ ಅವನೇ ಹೇಳಿದ್ದಾನೆ. ಹತ್ತರಿಂದ ಇಪ್ಪತ್ತು ವರ್ಷ ಎಂದರೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೈಸಿಕೊಳ್ಳುವ ವಯಸ್ಸು. ಒಮ್ಮೆ ಯಾವುದೋ ಕೆಲಸಕ್ಕೆ ಕಳಿಸಿದಾಗ ಅನಸ್ ಬೀದಿಯಲ್ಲಿ ಆಡುವ ಹುಡುಗರ ಹತ್ತಿರ ನಿಂತುಬಿಟ್ಟ. ಹಿಂದಿನಿಂದ ಬಂದ ಪ್ರವಾದಿ(ಸ)ರು ನಗುತ್ತ ಅವನನ್ನು 'ಉನೈಸ್' ಎಂದು ಕರೆದು, ಹೇಳಿದ ಕಡೆ ಹೋದೆಯಾ ಎಂದು ಕೇಳಿದರು. ಉನೈಸ್ ಎಂದರೆ ಅನಸ್ ಎಂಬ ಹೆಸರಿನ ಮುದ್ದಿನ ರೂಪ. ಹೋಗುತ್ತೇನೆ ಎಂದು ಅವನು ಹೊರಟ. ಮಕ್ಕಳು ಎದುರಾಡಬಾರದು ಎನ್ನಲು ನಾವು ಕುರ್‌ಆನಿನ ಉಫ್ ಬಳಸುತ್ತೇವೆ, ಅನಸ್(ರ) ಹೇಳಿದ ಉಫ್ ಅನ್ನು ಜುಮಾ ಬಯಾನ್‌ನಲ್ಲಿ ಕೇಳಿ ಮನೆಗೆ ಬರುವಷ್ಟರಲ್ಲಿ ಮರೆಯುತ್ತೇವೆ.

ಅರಬಿಯಲ್ಲಿ ಮಗನಿಗೆ 'ಇಬ್ನ್'. ಅದರ ಮುದ್ದಿನ ರೂಪದಿಂದ 'ಬುನಯ್ಯ', ನನ್ನ ಪುಟ್ಟ ಕಂದ ಎಂದ ಹಾಗೆ. ಲುಕ್ಮಾನರು ಮಗನಿಗೆ ಬುದ್ಧಿ ಹೇಳುವಾಗ ಮೂರು ಸಲ 'ಯಾ ಬುನಯ್ಯ' ಎಂದು ಕರೆಯುತ್ತಾರೆ. ಪ್ರವಾದಿ ಯಾಕೂಬ್(ಅ), ಪ್ರವಾದಿ ಇಬ್ರಾಹೀಮ್(ಅ) ಮಕ್ಕಳನ್ನು ಕರೆದದ್ದೂ ಹಾಗೆಯೇ. ನನ್ನನ್ನು ಹೆಚ್ಚು ಕಾಡುವುದು ಪ್ರವಾದಿ ನೂಹ್(ಅ)ರ ಕಥೆ. ಮಗ ಮಾತು ಕೇಳಿಲ್ಲ, ತಂದೆಯ ದಾರಿ ಬಿಟ್ಟು ಹೋಗಿದ್ದಾನೆ, ಪ್ರವಾಹ ಬಂದಿದೆ. ಆಗಲೂ ಹಡಗಿನಿಂದ ಕೂಗಿದ ತಂದೆಯ ಬಾಯಲ್ಲಿ ಬಂದದ್ದು ಅದೇ ಮುದ್ದಿನ ಕರೆ. ಮಗ ಬರಲಿಲ್ಲ. ಒಳ್ಳೆಯ ಮಾತಾಡಿದರೆ ಮಕ್ಕಳು ಸರಿಯಾಗಿಯೇ ಬೆಳೆಯುತ್ತಾರೆ ಎಂಬ ಖಾತ್ರಿಯನ್ನು ಆ ಕಥೆ ಕೊಡುವುದಿಲ್ಲ. ಆದರೂ ತಂದೆ ಕರೆಯುವ ರೀತಿ ಬದಲಾಗಲಿಲ್ಲ.

ನಮ್ಮದೇ ಜಿಲ್ಲೆಯ ಬಸವನ ಬಾಗೇವಾಡಿಯ ಬಸವಣ್ಣನವರು ಗೌರವದಿಂದ ಕರೆಯುವುದಕ್ಕೂ ತುಚ್ಛವಾಗಿ ಕರೆಯುವುದಕ್ಕೂ ನಡುವಿನ ದೂರ ಎಷ್ಟೆಂದು ಒಂದು ವಚನದಲ್ಲಿ ಹೇಳಿದ್ದಾರೆ. ಓದಿದವರಿಗೆ ನೆನಪಿರುತ್ತದೆ. ಇಂಡಿ ಭಾಗದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬೀಸುವ ಹಾಡು, ಜೋಗುಳಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ನಮ್ಮ ಗ್ರಂಥಾಲಯದಿಂದ ತೆಗೆದುಕೊಂಡು ಮಕ್ಕಳ ಬಗ್ಗೆ ಇರುವ ಹಾಡುಗಳನ್ನಾದರೂ ಓದಿ. ಆಡಿ ಬಂದ ಮಗು, ಅಳುವ ಮಗು, ಹಟ ಹಿಡಿದ ಮಗು, ಯಾವ ಮಗುವನ್ನು ನೋಡಿದರೂ ತಾಯಿಗೆ ಅದು ಮನೆಯ ಸಂಪತ್ತು. ಹಾಡಿದವರು ಶ್ರೀಮಂತರಲ್ಲ. ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದವರು. ಬೆಳಗಾದ ಮೇಲೆ ಅವರೂ ಮಕ್ಕಳನ್ನು ಬೈದಿರಬಹುದು, ಹೊಡೆದೂ ಇರಬಹುದು. ಆದರೆ ಹೊಗಳುವುದಕ್ಕೆ ಅವರಲ್ಲಿ ಮಾತುಗಳಿದ್ದವು. ಬೀಸುವ ಕಲ್ಲು ಹೋಗಿ ಗಿರಣಿ ಬಂತು, ಹಾಡು ಹೋಯಿತು, ಬೈಗುಳ ಮಾತ್ರ ಹೇಗೋ ಉಳಿದುಕೊಂಡಿತು ಎಂದು ನನಗೆ ಒಮ್ಮೊಮ್ಮೆ ಅನಿಸುತ್ತದೆ.

ಬೈಗುಳ ಯಾಕೆ ಉಳಿಯಿತು ಎಂಬುದಕ್ಕೂ ಕಾರಣವಿದೆ. ನಿಮ್ಮ ಅಜ್ಜ ಅಜ್ಜಿಯರನ್ನು 1972ರ ಬರಗಾಲದ ಬಗ್ಗೆ ಕೇಳಿ ನೋಡಿ. ಕಲ್ಲು ಒಡೆದರೆ ಕಾಳು, ಇಲ್ಲದಿದ್ದರೆ ಉಪವಾಸ ಎಂಬ ದಿನಗಳನ್ನು ಕಂಡವರಿಗೆ ಕಾಮಚೋರ್ ಎಂಬುದು ಬೈಗುಳಗಳಲ್ಲೇ ದೊಡ್ಡ ಬೈಗುಳವಾಗುತ್ತದೆ. ಕೆಲಸ ತಪ್ಪಿಸಿಕೊಂಡವನು ಮನೆಯವರ ಅನ್ನ ಕಸಿದ ಹಾಗೆ. ಆ ಭಯ ಮಾತಿನಲ್ಲಿ ಉಳಿದು ಮಕ್ಕಳಿಗೆ ಬಂತು, ಮೊಮ್ಮಕ್ಕಳಿಗೂ ಬಂತು. ಇಂದು ಮೊಬೈಲ್ ಹಿಡಿದು ಕೂತ ಹುಡುಗನಿಗೆ ಅದೇ ಮಾತು ಬೀಳುತ್ತದೆ, ಆದರೆ ಅದರ ಹಿಂದಿನ ಹಸಿವು ಅವನಿಗೆ ಗೊತ್ತಿಲ್ಲ.

ಹೊಗಳಿಕೆಯ ಬಗ್ಗೆಯೂ ಎಚ್ಚರ ಬೇಕು. ಇಂಡಿ ಕಡೆಯ ಲಿಂಬೆ ಬೆಳೆಗಾರರೊಬ್ಬರು ತಮ್ಮ ಮಗನನ್ನು ಚಿಕ್ಕಂದಿನಿಂದಲೂ "ಡಾಕ್ಟರ್ ಸಾಬ್" ಎಂದೇ ಕರೆಯುತ್ತಿದ್ದರು. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದ್ದನ್ನು ಎಷ್ಟು ಹೆಮ್ಮೆಯಿಂದ ಹೇಳುತ್ತಿದ್ದರೋ ಮಗನ ಬಗ್ಗೆಯೂ ಅಷ್ಟೇ ಹೆಮ್ಮೆ. ತೋಟದ ಆಳುಗಳು, ಕಿರಾಣಿ ಅಂಗಡಿಯವರು, ಮಸೀದಿಯ ಮುಅಝ್ಝಿನ್ ಎಲ್ಲರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು. ನೀಟ್‌ನಲ್ಲಿ ಅಂಕ ಸಾಲಲಿಲ್ಲ. ಆ ವರ್ಷ ಬಕ್ರೀದ್‌ಗೆ ಅವನು ಊರಿಗೆ ಹೋಗಲಿಲ್ಲ. "ಊರಾಗ ಇಳದ ಕೂಡ್ಲೆ ಬಸ್‌ಸ್ಟ್ಯಾಂಡಿನ್ಯಾಗ ಯಾರರೆ ಡಾಕ್ಟರ್ ಸಾಬ್ ಅಂತಾರ್ರಿ ಮೇಡಂ" ಎಂದ. ಅವನನ್ನು ಯಾರೂ ಬೈದಿರಲಿಲ್ಲ. ಮನೆಯವರು ಫೋನ್ ಮಾಡಿ, ಮುಂದಿನ ವರ್ಷ ನೋಡೋಣ, ಬಾ ಎಂದೇ ಹೇಳುತ್ತಿದ್ದರು.

ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ ಎಂಬ ಇಬ್ಬರು ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯದ್ದು. ಐದನೇ ತರಗತಿಯ ಮಕ್ಕಳಿಗೆ ಕೆಲವು ಒಗಟುಗಳನ್ನು ಕೊಟ್ಟು, ಮುಗಿದ ಮೇಲೆ ಕೆಲವರಿಗೆ ನೀನು ಜಾಣ ಎಂದರು, ಕೆಲವರಿಗೆ ನೀನು ಕಷ್ಟಪಟ್ಟಿದ್ದೀಯ ಎಂದರು. ಅಷ್ಟೇ, ಒಂದು ಮಾತು. ಆಮೇಲೆ ಕಠಿಣ ಒಗಟು ಕೊಟ್ಟಾಗ ಜಾಣ ಎನಿಸಿಕೊಂಡವರಿಗೆ ಮುಂದುವರಿಯುವ ಆಸಕ್ತಿ ಕಡಿಮೆಯಾಯಿತು. ತಮಗೆ ಬಂದ ಅಂಕವನ್ನು ಬೇರೆ ಮಕ್ಕಳಿಗೆ ಬರೆದು ತಿಳಿಸಲು ಹೇಳಿದಾಗ ಅವರಲ್ಲಿ ಹತ್ತರಲ್ಲಿ ಸುಮಾರು ನಾಲ್ವರು ಹೆಚ್ಚಿಸಿ ಬರೆದರು. ಜಾಣ ಎಂಬ ಹೆಸರು ಬಂದ ಮೇಲೆ ಅದನ್ನು ಕಾಪಾಡಿಕೊಳ್ಳಬೇಕಲ್ಲ! ನಂತರದ ಸಂಶೋಧನೆಗಳಲ್ಲಿ ಎಲ್ಲ ಕಡೆ ಪರಿಣಾಮ ಇಷ್ಟು ದೊಡ್ಡದಾಗಿ ಕಂಡಿಲ್ಲ, ಅದನ್ನೂ ಹೇಳಬೇಕು. ಆದರೆ ನಮ್ಮ ಡಾಕ್ಟರ್ ಸಾಬ್ ಯಾಕೆ ಊರಿಗೆ ಹೋಗಲಿಲ್ಲ ಎಂಬುದು ನನಗೆ ಅದರಿಂದ ಅರ್ಥವಾಯಿತು.

ಹುಡುಗಿಯರ ವಿಷಯ ಬೇರೆ. ಅವರಿಗೆ ದಡ್ಡಿ ಎನ್ನುವುದು ಕಡಿಮೆ. ಅವರು ಕೇಳುವುದು "ಪರಾಯಾ ಧನ್", "ಎಷ್ಟ ಓದಿದ್ರೂ ರೊಟ್ಟಿ ಬಡಿಯೂದ ತಪ್ಪಂಗಿಲ್ಲ", "ನಮ್ಮ ಹೆಸರ ಕೆಡಸಬ್ಯಾಡ". ಮುದ್ದೇಬಿಹಾಳ ತಾಲೂಕಿನ ಒಬ್ಬ ವಿದ್ಯಾರ್ಥಿನಿಯ ತಂದೆತಾಯಿ ಗೋವಾದಲ್ಲಿ ಕಟ್ಟಡ ಕೆಲಸ ಮಾಡುತ್ತಾರೆ. ಅವಳು ಅಜ್ಜಿಯ ಹತ್ತಿರ ಬೆಳೆದವಳು. ತಂದೆತಾಯಿಯ ಮಾತು ಎಂದರೆ ಅವಳಿಗೆ ವಾರಕ್ಕೆ ಎರಡು ಫೋನ್ ಕರೆ. ಪ್ರತಿ ಕರೆಯ ಮೊದಲ ಮಾತು "ಕಾಲೇಜ್ ಬಿಟ್ಟ ಮ್ಯಾಲೆ ಎಲ್ಲಿ ಹೋಗಿದ್ದಿ?" ಅವಳು ಎಲ್ಲಿಯೂ ಹೋಗುವವಳಲ್ಲ. "ನಾ ಏನೂ ಮಾಡಿರಂಗಿಲ್ರಿ, ಆದ್ರೂ ಫೋನ್ ರಿಂಗಾದ್ರ ಏನರೆ ಮಾಡೀನೇನೋ ಅನಸ್ತೈತ್ರಿ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದಳು. ಕಾಲೇಜಿನಿಂದ ಚರ್ಚಾಸ್ಪರ್ಧೆಗೆ ಹೆಸರು ಕೊಡಲು ಕೇಳಿದಾಗ ಬೇಡ ಎಂದಳು. ಮೈಕ್ ಮುಂದೆ ನಿಲ್ಲುವುದಕ್ಕೆ ಅವಳಿಗೆ ಹೆದರಿಕೆ ಇರಲಿಲ್ಲ, ಹೆಸರು ಪತ್ರಿಕೆಯಲ್ಲಿ ಬಂದರೆ ಮನೆಯಲ್ಲಿ ಏನೆಂದುಕೊಳ್ಳುತ್ತಾರೋ ಎಂದು ಹೆದರಿಕೆ. ಅವಳ ತಂದೆ ಅಲ್ಲಿ ದೂರದಲ್ಲಿ ಕುಳಿತು ಮಗಳ ಬಗ್ಗೆ ಎಷ್ಟು ಆತಂಕಪಡುತ್ತಾರೆ ಎಂಬುದು ನನಗೆ ಗೊತ್ತಿದೆ. ಆ ಆತಂಕ ಫೋನಿನಲ್ಲಿ ಸಂಶಯವಾಗಿ ಕೇಳಿಸುತ್ತದೆ.

ಎಲ್ಲವೂ ಮಾತಿನಿಂದಲೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಬೆಳಗಿನ ಬಸ್ಸು ಬರದಿದ್ದರೆ, ಸ್ಕಾಲರ್‌ಶಿಪ್ ಜಮಾ ಆಗದಿದ್ದರೆ, ತೊಗರಿ ಬೆಳೆ ಕೈಕೊಟ್ಟರೆ "ಬೇಟಾ" ಎಂದು ಕರೆದ ಮಾತ್ರಕ್ಕೆ ಕಷ್ಟ ತೀರುವುದಿಲ್ಲ. ಬೈಯಲೇಬಾರದು ಎಂದೂ ಅಲ್ಲ. ನಮ್ಮ ತಂದೆ ಸಿಂದಗಿಯಲ್ಲಿ ಟೇಲರ್ ಆಗಿದ್ದರು. ಕೆಲಸ ಕಲಿಯಲು ಮೂರ್ನಾಲ್ಕು ಹುಡುಗರು ಅಂಗಡಿಗೆ ಬರುತ್ತಿದ್ದರು. ತಂದೆ ಮೃದು ಸ್ವಭಾವದವರೇನಲ್ಲ. ಹೊಲಿಗೆ ಸೊಟ್ಟ ಹೋದರೆ ಬಟ್ಟೆಯನ್ನು ಹುಡುಗನ ಮುಂದೆ ಹಾಕಿ "ಸಿಲಾಯಿ ಟೇಡಿ ಗಯಿ, ಖೋಲ್" ಎನ್ನುತ್ತಿದ್ದರು. ಹೊಲಿಗೆ ಸೊಟ್ಟ ಹೋಗಿದೆ, ಬಿಚ್ಚು. ಮೂರು ಸಲ ಸೊಟ್ಟ ಹೋದರೆ ಮೂರು ಸಲವೂ ಅದೇ ಮಾತು, ಧ್ವನಿ ಮಾತ್ರ ಏರುತ್ತಿತ್ತು. ಸೊಟ್ಟ ಹೋದದ್ದು ಹೊಲಿಗೆ. ಹುಡುಗನ ತಲೆ, ಹುಡುಗನ ಅಪ್ಪ, ಹುಡುಗನ ನಸೀಬು ಯಾವುದೂ ಆ ಮಾತಿನೊಳಗೆ ಬರುತ್ತಿರಲಿಲ್ಲ. ಸರಿಯಾಗಿ ಹೊಲಿದರೆ ಶಾಬಾಶ್ ಎಂದೂ ಅವರು ಹೇಳಿದವರಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ "ಗಿರಾಕಿಗೆ ಕೊಡಬಹುದು" ಎನ್ನುತ್ತಿದ್ದರು. ಆ ಹುಡುಗರಲ್ಲಿ ಇಬ್ಬರು ಇಂದು ಸ್ವಂತ ಅಂಗಡಿ ಇಟ್ಟಿದ್ದಾರೆ. ಆ ಮಾತು ಕೇಳಿದ ದಿನ ಮನೆಗೆ ಓಡುತ್ತ ಹೋಗುತ್ತಿದ್ದೆವು ಎಂದು ಈಗಲೂ ನೆನೆಯುತ್ತಾರೆ.

ಸ್ಟಾಫ್ ರೂಮುಗಳ ಬಗ್ಗೆಯೂ ಒಂದು ಮಾತು. ಈ ಬ್ಯಾಚ್ ಡಲ್, ಆ ಸೆಕ್ಷನ್ ವೇಸ್ಟ್ ಎನ್ನುವುದು ಯಾವ ಕಾಲೇಜಿನಲ್ಲೂ ಕೇಳುವ ಮಾತೇ. ಗೋಡೆಗಳು ತೆಳುವಾಗಿರುತ್ತವೆ. ವಿದ್ಯಾರ್ಥಿಗಳೇ, ನೀವೂ ಅಷ್ಟೇ. ರಜೆಗೆ ಊರಿಗೆ ಹೋದಾಗ ನಾಲ್ಕನೇ ತರಗತಿಯ ತಮ್ಮನಿಗೆ ಮಗ್ಗಿ ಹೇಳಿಕೊಡಲು ಕುಳಿತ ಐದನೇ ನಿಮಿಷಕ್ಕೆ ನಿಮ್ಮ ಬಾಯಿಂದ ಯಾವ ಶಬ್ದ ಬರುತ್ತದೆ ಎಂದು ಕೇಳಿಸಿಕೊಳ್ಳಿ. ನಿಮಗೆ ಯಾರು ಹೇಳಿದ್ದರೋ ಅವರದೇ ಧ್ವನಿ ಕೇಳಿಸುತ್ತದೆ.

ಕಳೆದ ವರ್ಷದ ಪಾಲಕರ ಸಭೆಯಲ್ಲಿ ನಾವು ಒಂದು ಹೊಸ ಕ್ರಮ ಮಾಡಿದೆವು. ಅಂಕದ ವಿಷಯ ಕೊನೆಗೆ ಇಟ್ಟುಕೊಳ್ಳೋಣ, ಮೊದಲು ನಿಮ್ಮ ಮಗ ಅಥವಾ ಮಗಳು ಮನೆಯಲ್ಲಿ ಚೆನ್ನಾಗಿ ಮಾಡುವ ಒಂದು ಕೆಲಸ ಹೇಳಿ, ಮಕ್ಕಳು ಪಕ್ಕದಲ್ಲೇ ಕೂತಿರಲಿ ಎಂದೆವು. ಪ್ರವೇಶದ ದಿನ ಮಗನನ್ನು ಮಬ್ಬ ಎಂದಿದ್ದ ಸಿಂದಗಿ ಕಡೆಯ ತಂದೆ ಸಭೆಗೆ ಬಂದಿರಲಿಲ್ಲ. ಕಬ್ಬು ಕಡಿಯಲು ಹೋಗಿದ್ದರು. ಗೋವಾದಿಂದ ಯಾರೂ ಬಂದಿರಲಿಲ್ಲ, ಅಜ್ಜಿ ಬಂದಿದ್ದರು. "ಇದಾ? ಎಲ್ಲಾ ಮಾಡ್ತೈತ್ರಿ" ಎಂದು ಹೇಳಿ ಕೂತುಬಿ‌ಟ್ಟರು. ಕೆಲವರು "ಏನ ಮಾಡ್ತಾನ್ರಿ ಇವ, ತಿಂತಾನ" ಎಂದು ನಗಿಸಿದರು. ಬಾಗೇವಾಡಿ ಕಡೆಯ ಒಬ್ಬರು ಎದ್ದು ನಿಂತು ಬಹಳ ಹೊತ್ತು ಟೋಪಿ ಸರಿಮಾಡಿಕೊಂಡರು. ಆಮೇಲೆ, "ರಜಕ್ಕ ಬಂದಾಗ ರಾತ್ರಿ ತ್ರೀಫೇಸ್ ಕರೆಂಟ್ ಬಂದ್ರ ಎದ್ದ ಹೋಗಿ ಹೊಲಕ್ಕ ನೀರ ಹಾಯಸ್ತಾನ್ರಿ. ನಾ ಎಬ್ಬಸಂಗಿಲ್ಲ, ತಾನ ಏಳ್ತಾನ" ಎಂದರು. ಮಗ ತಲೆ ಎತ್ತಿ ಅವರ ಕಡೆ ನೋಡಿದ. ಅದುವರೆಗೆ ತರಗತಿಯಲ್ಲಿ ನಾನು ಅವನ ಧ್ವನಿ ಕೇಳಿದ್ದು ಹಾಜರಿಗೆ ಮಾತ್ರ.

"ಎರಡ ಸಲ ನೀವ ಎಬ್ಬಸಿದ್ರಿ, ಅಬ್ಬಾ" ಎಂದ.